ಗ್ರಾಫಿಕ್ಸ್ ಕಾರ್ಡ್ ಯಾವುದು ತೆಗೆಯುವುದು? ಉಡುಪಿ–ಮಂಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯಲ್ಲಿ ಗೆಳೆಯರಿಗೆ, ಗೆಳೆಯರ ತಮ್ಮಂದಿರಿಗೆ, ಪರಿಚಯದವರ ಮಕ್ಕಳಿಗೆ ಕಂಪ್ಯೂಟರ್ ಜೋಡಿಸಿ ಕೊಡುತ್ತಾ ಬಂದವನು ನಾನು. ಮದುವೆ ಊಟದ ಸಾಲಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ರಾತ್ರಿ ಹನ್ನೊಂದಕ್ಕೆ ಬರುವ ವಾಟ್ಸ್ಆ್ಯಪ್‌ನಲ್ಲಿ ಗ್ರಾಫಿಕ್ಸ್ ಕಾರ್ಡಿನ, ಅಂದರೆ ಪರದೆಯ ಚಿತ್ರಗಳನ್ನು ಬಿಡಿಸಿಕೊಡುವ ಭಾಗದ, ಬಗ್ಗೆ ಜನ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಅಂಗಡಿ ಬೆಲೆ ಬರೆದಿಲ್ಲ. ಅದು ವಾರಕ್ಕೊಮ್ಮೆ ಬದಲಾಗುತ್ತದೆ, ನೀವು ಕೊಳ್ಳುವ ದಿನ ನೋಡಿಕೊಳ್ಳುವುದೇ ಸರಿ.

## ಮೊದಲ ಸಲ ಕೊಳ್ಳುವವರಿಗೆ

ಆಡುವುದು ಬರೀ ವ್ಯಾಲೊರಂಟ್. ನನಗೆ ಕಾರ್ಡ್ ಬೇಕಾ, ಬೇಡ್ವಾ?

ಬೇಡದೇ ಇರಬಹುದು. ಸಾಧಾರಣ ಕಂಪ್ಯೂಟರಿನಲ್ಲೂ ಓಡಬೇಕು ಎಂದೇ ಮಾಡಿದ ಆಟ ಅದು. ರೈಜನ್ 5 5600ಜಿ ಅಥವಾ 8600ಜಿ ಥರದ ಪ್ರೊಸೆಸರ್ ಒಳಗೇ ಇರುವ ಗ್ರಾಫಿಕ್ಸ್ ಅದಕ್ಕೆ ಸಾಕು. ಆದರೆ ರ‍್ಯಾಮ್ ಎರಡು ಸ್ಟಿಕ್ ಹಾಕಿ. ಒಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ಅದು ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಒಂದೇ 16 ಜಿಬಿ ಸ್ಟಿಕ್ಕಿಗಿಂತ 8 ಜಿಬಿಯ ಎರಡು ಸ್ಟಿಕ್ಕಿನಲ್ಲಿ ಆಟ ಎದ್ದು ಕಾಣುವಷ್ಟು ಸಲೀಸಾಗಿ ಓಡುತ್ತದೆ.

ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಯಲ್ಲಿ ‘ಎಫ್’ ಅಕ್ಷರ ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲವೇ ಇಲ್ಲ. ಕಾರ್ಡ್ ಹಾಕದೆ ಪರದೆ ಹೊತ್ತಿಕೊಳ್ಳುವುದಿಲ್ಲ. ‘ಕಾರ್ಡ್ ಆಮೇಲೆ ತೆಗೆದುಕೊಳ್ಳುತ್ತೇನೆ’ ಎಂದಿರುವವರು ಎಫ್ ತೆಗೆಯಬೇಡಿ.

ಮಗ ಇಂಜಿನಿಯರಿಂಗ್ ಸೇರಿದ್ದಾನೆ. ಓದಿಗೆ ದೊಡ್ಡ ಕಾರ್ಡ್ ಬೇಕೇ ಬೇಕು ಅಂತಾನೆ. ಹೌದಾ?

ಕಾರ್ಕಳದ ಒಬ್ಬರು ಅಮ್ಮ ಫೋನ್ ಮಾಡಿ ಕೇಳಿದ್ದು ಇದು. ಮೊದಲ ವರ್ಷದ ಪ್ರೋಗ್ರಾಮಿಂಗಿಗೆ ಕಾರ್ಡ್ ಬೇಡ ಅಮ್ಮ. ಮುಂದೆ ಮೆಷಿನ್ ಲರ್ನಿಂಗ್, ಬ್ಲೆಂಡರಿನಂಥ ಮೂರು ಆಯಾಮದ ಕೆಲಸ, ವಿಡಿಯೊ ಎಡಿಟಿಂಗ್ ಮಾಡುವವನಾದರೆ ಬೇಕಾಗುತ್ತದೆ, ಮತ್ತು ಆಗ ಎನ್ವಿಡಿಯಾ ಕಾರ್ಡೇ ಹೆಚ್ಚು ಅನುಕೂಲ. ಅಂಥ ಸಾಫ್ಟ್‌ವೇರುಗಳಲ್ಲಿ ಬಹಳಷ್ಟು ಆ ಕಂಪೆನಿಯ ‘ಕೂಡಾ’ ವ್ಯವಸ್ಥೆಯನ್ನು ನಂಬಿ ಬರೆದಂಥವು. ಎಎಮ್‌ಡಿ ಕಾರ್ಡಿನಲ್ಲೂ ಕೆಲಸ ನಡೆಯುತ್ತದೆ, ಆದರೆ ಹೊಂದಿಸುವುದರಲ್ಲೇ ಹುಡುಗನ ವಾರ ಕಳೆಯಬಹುದು.

ಅವನಿಗೆ ಆಟವೂ ಬೇಕು ಎಂದಾದರೆ ಅದರಲ್ಲಿ ತಪ್ಪೇನೂ ಇಲ್ಲ. ಅದನ್ನು ನೇರ ಹೇಳಲಿಕ್ಕೆ ಬಿಡಿ. ಓದಿನ ಹೆಸರಿನಲ್ಲಿ ಅತಿ ದುಬಾರಿಯದು ತೆಗೆಯುವ ಬದಲು ಇಬ್ಬರೂ ಕೂತು ಬಜೆಟ್ ಮಾಡಿದರೆ ಮಧ್ಯಮ ದರ್ಜೆಯ ಕಾರ್ಡ್ ಎರಡಕ್ಕೂ ಆಗುತ್ತದೆ.

ಎನ್ವಿಡಿಯಾ ಒಳ್ಳೆಯದಾ, ಎಎಮ್‌ಡಿ ಒಳ್ಳೆಯದಾ? ಒಂದೇ ಮಾತಿನಲ್ಲಿ ಹೇಳಿ ಮಾರಾಯ್ರೆ.

ಒಂದೇ ಮಾತಿನಲ್ಲಿ ಹೇಳುವವರನ್ನು ನಂಬಬೇಡಿ, ನನ್ನನ್ನೂ ಸೇರಿಸಿ. ಹೋಲಿಸಬೇಕಾದದ್ದು ಕಂಪೆನಿಯನ್ನಲ್ಲ, ನಿಮ್ಮ ಕೈಯಲ್ಲಿರುವ ದುಡ್ಡಿಗೆ ಇವತ್ತು ಸಿಗುವ ಎರಡು ಕಾರ್ಡುಗಳನ್ನು. ಒಂದು ಬೆಲೆಯಲ್ಲಿ ಹಸಿರಿನವರು (ಎನ್ವಿಡಿಯಾ) ಗೆದ್ದರೆ ಅದರ ಮೇಲಿನ ಮೆಟ್ಟಿಲಲ್ಲಿ ಕೆಂಪಿನವರು (ಎಎಮ್‌ಡಿ) ಗೆಲ್ಲುತ್ತಾರೆ, ದೀಪಾವಳಿ ಆಫರಿನಲ್ಲಿ ಅದು ತಿರುಗಿಯೂ ಬೀಳುತ್ತದೆ. ನಾನು ಎರಡನ್ನೂ ಹಾಕಿಕೊಟ್ಟಿದ್ದೇನೆ, ಎರಡರಲ್ಲೂ ಸಂತೋಷಪಟ್ಟವರು ಇದ್ದಾರೆ.

ಇನ್ನೊಂದು ಗೊಂದಲ ಇಲ್ಲೇ ಬಿಡಿಸುತ್ತೇನೆ. ಎನ್ವಿಡಿಯಾ, ಎಎಮ್‌ಡಿ ಮುಖ್ಯವಾಗಿ ಮಾಡುವುದು ಒಳಗಿನ ಚಿಪ್. ಅದಕ್ಕೆ ಬೋರ್ಡು, ಫ್ಯಾನು ಕೂರಿಸಿ ಡಬ್ಬಿಯಲ್ಲಿ ಮಾರುವವರು ಏಸಸ್, ಎಂಎಸ್‌ಐ, ಗಿಗಾಬೈಟ್, ಝೋಟಾಕ್, ಸಫೈರ್ ಮುಂತಾದವರು. ಅದೇ ಚಿಪ್ಪಿರುವ ಅಗ್ಗದ ಮಾಡೆಲಿಗೂ ಮೂರು ಫ್ಯಾನಿನ ದುಬಾರಿ ಮಾಡೆಲಿಗೂ ಆಟದ ವೇಗದಲ್ಲಿ ಸಿಗುವ ವ್ಯತ್ಯಾಸ ಬಹಳ ಸಣ್ಣದು. ಆ ದುಡ್ಡಿನಲ್ಲಿ ಮೇಲಿನ ದರ್ಜೆಯ ಚಿಪ್ ಸಿಗುತ್ತದಾ ಎಂದು ಮೊದಲು ನೋಡಿ.

5060 ದೊಡ್ಡದಾ, 9060 ದೊಡ್ಡದಾ? ನಂಬರ್ ನೋಡಿದರೆ ತಲೆಬುಡ ಅರ್ಥ ಆಗುದಿಲ್ಲ.

ಆರ್‌ಟಿಎಕ್ಸ್ 5060 ಎನ್ವಿಡಿಯಾದ್ದು, ಆರ್‌ಎಕ್ಸ್ 9060 ಎಎಮ್‌ಡಿಯದ್ದು. ಒಂದು ಕಂಪೆನಿಯ ನಂಬರನ್ನು ಇನ್ನೊಂದರ ಜೊತೆ ಹೋಲಿಸಬಾರದು. ಈ ತಲೆಮಾರಿನ ಕಾರ್ಡುಗಳಲ್ಲಿ, ಒಂದೇ ಕಂಪೆನಿಯೊಳಗೆ, ಮೊದಲ ಅಂಕಿ ತಲೆಮಾರು, ಕೊನೆಯ ಎರಡು ಅಂಕಿ ದರ್ಜೆ. ಆರ್‌ಟಿಎಕ್ಸ್ 5060 ಎಂದರೆ 50ರ ತಲೆಮಾರಿನ 60ರ ದರ್ಜೆ. ಕೊನೆಗೆ ‘ಟಿಐ’ ಅಥವಾ ‘ಎಕ್ಸ್‌ಟಿ’ ಇದ್ದರೆ ಅದೇ ನಂಬರಿನ ಸ್ವಲ್ಪ ಬಲಿಷ್ಠ ರೂಪ. ಹೊಸ ತಲೆಮಾರಿನ ಕೆಳದರ್ಜೆ ಹಳೆಯದರ ಮೇಲ್ದರ್ಜೆಯನ್ನು ಯಾವಾಗಲೂ ಸೋಲಿಸುತ್ತದೆ ಎಂದೂ ಇಲ್ಲ. ಲ್ಯಾಪ್‌ಟಾಪಿನ 5070ಕ್ಕೂ ಡೆಸ್ಕ್‌ಟಾಪಿನ 5070ಕ್ಕೂ ಹೆಸರು ಮಾತ್ರ ಒಂದೇ, ಬಲ ಬೇರೆ.

ನನ್ನ ಮಾನಿಟರ್ 1080ಪಿ, 75 ಹರ್ಟ್ಸ್. ದೊಡ್ಡ ಕಾರ್ಡ್ ಹಾಕಿದರೆ ಗೊತ್ತಾಗ್ತದಾ?

ಅಷ್ಟಾಗಿ ಗೊತ್ತಾಗುವುದಿಲ್ಲ. 75 ಹರ್ಟ್ಸ್ ಪರದೆ ಸೆಕೆಂಡಿಗೆ 75 ಸಲ ಮಾತ್ರ ಚಿತ್ರ ಬದಲಿಸುತ್ತದೆ. ಕಾರ್ಡ್ 140 ಚಿತ್ರ ಮಾಡಿಕೊಟ್ಟರೂ ನಿಮಗೆ ಕಾಣುವುದು ಅಷ್ಟೇ. ಚುಕ್ಕಿಗಳ ಲೆಕ್ಕವನ್ನೂ ನೋಡಿ: 1080ಪಿಯಲ್ಲಿ ಸುಮಾರು 20.7 ಲಕ್ಷ, 1440ಪಿಯಲ್ಲಿ 36.9 ಲಕ್ಷ, 4ಕೆಯಲ್ಲಿ 82.9 ಲಕ್ಷ. ಅಂದರೆ 4ಕೆ ಪರದೆಗೆ ಕಾರ್ಡ್ ನಾಲ್ಕು ಪಟ್ಟು ಚುಕ್ಕಿಗಳಿಗೆ ಬಣ್ಣ ತುಂಬಬೇಕು. ಹಾಗಾಗಿ ನನ್ನ ಹತ್ತಿರ ಬಂದವರನ್ನು ನಾನು ಮೊದಲು ಕೇಳುವುದೇ ಮಾನಿಟರ್ ಯಾವುದು ಎಂದು. ಎಷ್ಟೋ ಸಲ ಕಾರ್ಡಿನ ಬಜೆಟ್ ಸ್ವಲ್ಪ ಇಳಿಸಿ 144 ಹರ್ಟ್ಸ್ ಅಥವಾ ಅದಕ್ಕಿಂತ ಮೇಲಿನ ಪರದೆ ತೆಗೆಸಿದ್ದೇನೆ. ಫ್ರೀಸಿಂಕ್ (ಕಾರ್ಡ್ ಚಿತ್ರ ಕೊಡುವ ವೇಗಕ್ಕೆ ಪರದೆ ತಾನೇ ಹೊಂದಿಕೊಳ್ಳುವ ಎಎಮ್‌ಡಿಯ ಸೌಲಭ್ಯ) ಇರುವ ಪರದೆಯಾದರೆ ಸಾಕು. 2019ರ ಜನವರಿಯಿಂದ ಎನ್ವಿಡಿಯಾ ಕಾರ್ಡುಗಳೂ ಅಂಥ ಪರದೆಗಳೊಂದಿಗೆ ತಾಳ ಹಾಕುತ್ತವೆ.

## ಎರಡರ ನಡುವೆ ಸಿಕ್ಕಿಕೊಂಡವರಿಗೆ

ಕಾರ್ಡಿನಲ್ಲಿ 8 ಜಿಬಿ ಮೆಮೊರಿ ಸಾಕಲ್ವಾ? ಅಂಗಡಿಯವರು ಸಾಕು ಅಂತಾರೆ.

ಹೊಸದಾಗಿ ತೆಗೆಯುವುದಾದರೆ, ದೊಡ್ಡ ಆಟಗಳನ್ನು ಆಡುವವರಾದರೆ, ನಾನು ಸಾಕು ಎನ್ನುವುದಿಲ್ಲ. ಈ ಒಂದು ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ.

ಕಾರಣ ಇದು. ಗೋಡೆ, ಮರ, ಮುಖ, ಬಟ್ಟೆ, ಎಲ್ಲದರ ಚಿತ್ರಗಳನ್ನು ಕಾರ್ಡ್ ತನ್ನ ಸ್ವಂತ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. 5060 ಟಿಐ ಆ ಮೆಮೊರಿಯಿಂದ ಸೆಕೆಂಡಿಗೆ 448 ಜಿಬಿ ವೇಗದಲ್ಲಿ ಓದುತ್ತದೆ. ಜಾಗ ತುಂಬಿದರೆ ಉಳಿದದ್ದು ಕಂಪ್ಯೂಟರಿನ ರ‍್ಯಾಮಿಗೆ ಹೋಗುತ್ತದೆ, ಅಲ್ಲಿಂದ ಮದರ್‌ಬೋರ್ಡಿನ ಸ್ಲಾಟ್ ದಾಟಿ ಬರಬೇಕು. ಆ ದಾರಿಯ ವೇಗ ಹಳೆಯ ಬೋರ್ಡಿನಲ್ಲಿ ಸೆಕೆಂಡಿಗೆ ಸುಮಾರು 8 ಜಿಬಿಗೂ ಇಳಿಯಬಹುದು. ಚತುಷ್ಪಥ ಹೆದ್ದಾರಿಯಲ್ಲಿ ಬಂದ ಬಸ್ಸು ತಟ್ಟನೆ ತೋಟದ ಕಾಲುದಾರಿಗೆ ಇಳಿದ ಹಾಗೆ. ಸೆಕೆಂಡಿಗೆ ಬರುವ ಚಿತ್ರಗಳ (ಫ್ರೇಮ್) ಸರಾಸರಿ ಲೆಕ್ಕ ಚೆನ್ನಾಗಿಯೇ ಕಾಣುತ್ತದೆ, ಆದರೆ ಆಟ ನಡುನಡುವೆ ಗಕ್ಕನೆ ನಿಲ್ಲುತ್ತದೆ. ಕೆಲವು ಆಟಗಳು ನಿಲ್ಲುವ ಬದಲು ಸದ್ದಿಲ್ಲದೆ ಮಸುಕು ಚಿತ್ರ ತೋರಿಸುತ್ತವೆ. ನಂಬರ್ ಮಾತ್ರ ನೋಡುವವರಿಗೆ ಅದು ತಿಳಿಯುವುದೇ ಇಲ್ಲ.

ಎಚ್ಚರ ಬೇಕಾದದ್ದು ಹೆಸರಿನಲ್ಲಿ. ಆರ್‌ಟಿಎಕ್ಸ್ 5060 ಟಿಐ 8 ಜಿಬಿಯಲ್ಲೂ ಉಂಟು, 16 ಜಿಬಿಯಲ್ಲೂ ಉಂಟು. ಆರ್‌ಎಕ್ಸ್ 9060 ಎಕ್ಸ್‌ಟಿ ಕೂಡ ಹಾಗೆಯೇ. ‘ಇಷ್ಟು ಕಡಿಮೆಗೆ ಸಿಕ್ಕಿತು’ ಎಂದು ಖುಷಿಯಿಂದ ಡಬ್ಬಿ ತಂದವರು ಬದಿಯಲ್ಲಿ 8 ಎಂದು ಓದಿ ಮುಖ ಸಣ್ಣ ಮಾಡಿಕೊಂಡದ್ದನ್ನು ನೋಡಿದ್ದೇನೆ. ಬಿಲ್ಲಿನಲ್ಲಿ ಜಿಬಿ ಬರೆಸಿಕೊಳ್ಳಿ.

ವ್ಯಾಲೊರಂಟ್ ಥರದ ಇ-ಸ್ಪೋರ್ಟ್ಸ್ ಆಟಗಳಷ್ಟೇ ಆಡುವವರಿಗೆ, ಬಜೆಟ್ ನಿಜಕ್ಕೂ ಬಿಗಿ ಇರುವವರಿಗೆ 8 ಜಿಬಿ ನಡೆಯುತ್ತದೆ.

5060 ಟಿಐ 16 ಜಿಬಿ ಮತ್ತು 9060 ಎಕ್ಸ್‌ಟಿ 16 ಜಿಬಿ. ಇದರಲ್ಲಿ ಯಾವುದು ಅಣ್ಣ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ. ಎರಡೂ 2025ರಲ್ಲಿ ಬಂದವು, ಎನ್ವಿಡಿಯಾದ್ದು ಏಪ್ರಿಲ್‌ನಲ್ಲಿ, ಎಎಮ್‌ಡಿಯದ್ದು ಜೂನ್‌ನಲ್ಲಿ. ಬಿಡುಗಡೆಯ ದಿನ ಕಂಪೆನಿಗಳು ಹೇಳಿದ ಬೆಲೆ 429 ಡಾಲರ್ ಮತ್ತು 349 ಡಾಲರ್. ವಿದ್ಯುತ್ ಬಳಕೆ 180 ವಾಟ್ ಮತ್ತು 160 ವಾಟ್, ಹೆಚ್ಚುಕಡಿಮೆ ಸಮ.

ಸಾಮಾನ್ಯ ಆಟಗಳಲ್ಲಿ ಎನ್ವಿಡಿಯಾ ಒಂದು ಹೆಜ್ಜೆ ಮುಂದೆ, ಅಷ್ಟೇ. ಆಟ ನೋಡಿಯೇ ಇದು ಯಾವ ಕಾರ್ಡ್ ಎಂದು ಹೇಳು ಎಂದರೆ ನಾನು ಹೇಳಲಾರೆ. ರೇ ಟ್ರೇಸಿಂಗ್ (ಬೆಳಕು, ನೆರಳು, ಪ್ರತಿಬಿಂಬಗಳನ್ನು ನಿಜದ ಹಾಗೆ ಲೆಕ್ಕ ಹಾಕಿ ಬಿಡಿಸುವುದು) ಭಾರೀ ಬಳಸುವ ಆಟಗಳಲ್ಲಿ ಅಂತರ ಜಾಸ್ತಿ. ಎನ್ವಿಡಿಯಾದ ಡಿಎಲ್‌ಎಸ್‌ಎಸ್ ಸಿಗುವ ಆಟಗಳೂ ಹೆಚ್ಚು (ಅದು ಎಂತ ಎಂದು ಮುಂದೆ ಹೇಳುತ್ತೇನೆ). ಬ್ಲೆಂಡರ್, ಮೆಷಿನ್ ಲರ್ನಿಂಗ್ ಇದ್ದರೆ ಯೋಚನೆಯೇ ಬೇಡ, ಎನ್ವಿಡಿಯಾ. ಎಎಮ್‌ಡಿಯ ಬಲ ಬೆಲೆ, ಜೊತೆಗೆ ಸ್ಲಾಟಿನ 16 ಲೇನುಗಳನ್ನೂ (ಮಾಹಿತಿ ಓಡಾಡುವ ದಾರಿಗಳು) ಬಳಸಿಕೊಳ್ಳುವುದು. 5060 ಟಿಐ ಬಳಸುವುದು 8 ಮಾತ್ರ.

ನಾನು ಇಟ್ಟುಕೊಂಡ ಲೆಕ್ಕ: ಬೆಲೆಯ ವ್ಯತ್ಯಾಸ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದರೆ 5060 ಟಿಐ, ಅದಕ್ಕಿಂತ ಹೆಚ್ಚಿದ್ದರೆ 9060 ಎಕ್ಸ್‌ಟಿ. ಉಳಿದ ದುಡ್ಡಿಗೆ ಒಳ್ಳೆಯ ಪವರ್ ಸಪ್ಲೈ ಬರುತ್ತದೆ. ಮೇಲಿನ ಮೆಟ್ಟಿಲಲ್ಲಿ ಆರ್‌ಟಿಎಕ್ಸ್ 5070 ಮತ್ತು ಆರ್‌ಎಕ್ಸ್ 9070 ಎರಡಕ್ಕೂ ಹೇಳಿದ ಬೆಲೆ 549 ಡಾಲರ್. ಮೊದಲನೆಯದರಲ್ಲಿ 12 ಜಿಬಿ, ಎರಡನೆಯದರಲ್ಲಿ 16 ಜಿಬಿ. ಬರೀ ಆಟಕ್ಕಾದರೆ ಅಲ್ಲಿ ನನ್ನ ಒಲವು 9070 ಕಡೆಗೆ.

ಇಂಟೆಲ್‌ನವರ ಕಾರ್ಡೂ ಉಂಟಂತೆ. ತೆಗೆಯಬಹುದಾ?

ಆರ್ಕ್ ಬಿ580, 2024ರ ಡಿಸೆಂಬರಿನಲ್ಲಿ ಬಂದದ್ದು. ಕಡಿಮೆ ಬೆಲೆಗೆ 12 ಜಿಬಿ ಕೊಟ್ಟದ್ದು ದೊಡ್ಡ ವಿಷಯ. ಆದರೆ ಹೊಸ ಪ್ರೊಸೆಸರ್ ಇರುವವರಿಗೆ ಮಾತ್ರ. ಮದರ್‌ಬೋರ್ಡಿನಲ್ಲಿ ‘ರಿಸೈಜಬಲ್ ಬಾರ್’ ಎಂಬ ಸೌಲಭ್ಯ (ಪ್ರೊಸೆಸರ್ ಕಾರ್ಡಿನ ಮೆಮೊರಿಯನ್ನೆಲ್ಲ ಒಟ್ಟಿಗೆ ಮುಟ್ಟಲು ಬಿಡುವುದು) ಇರಲೇಬೇಕು, ಇಲ್ಲದಿದ್ದರೆ ವೇಗ ಕುಸಿಯುತ್ತದೆ. ಅದು ಇದ್ದರೂ ದುರ್ಬಲ ಪ್ರೊಸೆಸರ್ ಜೊತೆ ಈ ಕಾರ್ಡ್ ಬೇರೆಯವಕ್ಕಿಂತ ಹೆಚ್ಚು ಸೊರಗುತ್ತದೆ. ಹಳೇ ಕಂಪ್ಯೂಟರಿಗೆ ಜೀವ ತುಂಬಲು ಅಗ್ಗದ ಕಾರ್ಡ್ ಹುಡುಕುವವರೇ ಇದರ ಹಿಂದೆ ಹೋಗುವುದು, ಅವರಿಗೇ ಇದು ಸರಿಹೊಂದದು.

ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್, ಫ್ರೇಮ್ ಜನರೇಷನ್. ಇದೆಲ್ಲ ಎಂತ?

ಎರಡು ಬೇರೆ ಬೇರೆ ಕೆಲಸಗಳು ಇವು. ಒಂದು ಅಪ್‌ಸ್ಕೇಲಿಂಗ್: ಆಟವನ್ನು ಸಣ್ಣ ಗಾತ್ರದಲ್ಲಿ ಬಿಡಿಸಿ, ಪರದೆಯ ಗಾತ್ರಕ್ಕೆ ಜಾಣತನದಿಂದ ಹಿಗ್ಗಿಸುವುದು. ಎನ್ವಿಡಿಯಾದ್ದು ಡಿಎಲ್‌ಎಸ್‌ಎಸ್, 2018ರ ಆರ್‌ಟಿಎಕ್ಸ್ 20 ಸರಣಿಯಿಂದ ಇತ್ತೀಚಿನ ಎಲ್ಲ ಆರ್‌ಟಿಎಕ್ಸ್‌ಗಳಲ್ಲೂ ನಡೆಯುತ್ತದೆ. ಎಎಮ್‌ಡಿಯದ್ದು ಎಫ್‌ಎಸ್‌ಆರ್. ಅದರ ಹಳೆಯ ಆವೃತ್ತಿಗಳು ಯಾವ ಕಂಪೆನಿಯ ಕಾರ್ಡಿನಲ್ಲೂ ಓಡುತ್ತವೆ, ಆದರೆ ಚಿತ್ರ ಅಷ್ಟು ಚೆಂದ ಇಲ್ಲ. 2025ರಲ್ಲಿ ಆರ್‌ಎಕ್ಸ್ 9000 ಸರಣಿಯ ಜೊತೆ ಬಂದ ಎಫ್‌ಎಸ್‌ಆರ್ 4 ನಿಜವಾದ ಜಿಗಿತ. ಎಎಮ್‌ಡಿ ತೆಗೆಯುವವರಿಗೆ ಹಳೆಯ 7600ಕ್ಕಿಂತ 9060 ಎಕ್ಸ್‌ಟಿ ತೆಗೆಯಿರಿ ಎಂದು ಒತ್ತಾಯಿಸುವುದು ಇದಕ್ಕೇ.

ಇನ್ನೊಂದು ಫ್ರೇಮ್ ಜನರೇಷನ್: ಎರಡು ನಿಜ ಚಿತ್ರಗಳ ನಡುವೆ ಕಾರ್ಡ್ ತಾನೇ ಊಹಿಸಿ ಚಿತ್ರ ಸೇರಿಸುವುದು. ನೋಡಲು ನುಣುಪು. ಆದರೆ ಮೌಸ್ ಅಲುಗಿಸಿದ್ದಕ್ಕೆ ಆಟ ಸ್ಪಂದಿಸುವುದು ನಿಜ ಚಿತ್ರಗಳಲ್ಲಿ ಮಾತ್ರ. ಮೂಲದಲ್ಲಿ 60ರ ಹತ್ತಿರ ಫ್ರೇಮ್ ಬರುತ್ತಿದ್ದರೆ ಇದು ವರ. 25ರಿಂದ 100 ಮಾಡಿದರೆ ಕೈಗೆ ಜಿಗುಟು ಜಿಗುಟು. 2025ರ ಜನವರಿಯಲ್ಲಿ ಎನ್ವಿಡಿಯಾದ ಮುಖ್ಯಸ್ಥ ಜೆನ್ಸನ್ ಹುವಾಂಗ್ ವೇದಿಕೆ ಮೇಲೆ 5070 ಕಾರ್ಡಿಗೆ ಹಿಂದಿನ ತಲೆಮಾರಿನ ಅತಿ ಬಲಿಷ್ಠ 4090ರ ಸಾಮರ್ಥ್ಯ ಎಂದರು. ಆ ಲೆಕ್ಕದೊಳಗೆ ಹೀಗೆ ಹುಟ್ಟಿಸಿದ ಫ್ರೇಮುಗಳೂ ಸೇರಿದ್ದವು. ಅಂಗಡಿಯಲ್ಲಿ ಯಾರಾದರೂ ಪಟ್ಟಿ ತೋರಿಸಿದರೆ ಕೇಳಿ: ಇದು ಫ್ರೇಮ್ ಜನರೇಷನ್ ಆಫ್ ಮಾಡಿದ ಲೆಕ್ಕವಾ?

ರೇ ಟ್ರೇಸಿಂಗ್ ಇಲ್ಲದ ಕಾರ್ಡ್ ತೆಗೆದರೆ ತೊಂದರೆ ಉಂಟಾ?

ಈಗ ಉಂಟು. 2024ರ ಡಿಸೆಂಬರಿನ ಇಂಡಿಯಾನಾ ಜೋನ್ಸ್ ಆಟ, 2025ರ ಡೂಮ್: ದ ಡಾರ್ಕ್ ಏಜಸ್, ಎರಡಕ್ಕೂ ರೇ ಟ್ರೇಸಿಂಗ್ ಇರುವ ಕಾರ್ಡ್ ಕಡ್ಡಾಯ. ಜಿಟಿಎಕ್ಸ್ ಎಂದು ಹೆಸರಿರುವ 1650, 1660 ಕಾರ್ಡುಗಳಲ್ಲಿ ಅದು ಇಲ್ಲ, ಡಿಎಲ್‌ಎಸ್‌ಎಸ್ಸೂ ಇಲ್ಲ. ಹೊಸದಾಗಿ ದುಡ್ಡು ಕೊಟ್ಟು ಅವನ್ನು ತೆಗೆಯಬೇಡಿ.

## ನಮ್ಮ ಊರು, ನಮ್ಮ ಮಳೆ, ನಮ್ಮ ಕರೆಂಟ್

ಊರಿನ ಅಂಗಡಿಯಲ್ಲಿ ತೆಗೆಯುವುದಾ, ಆನ್‌ಲೈನಾ?

ಬೆಲೆ ಮೊದಲು ಆನ್‌ಲೈನ್‌ನಲ್ಲಿ ನೋಡಿ, ಆಮೇಲೆ ಮಂಗಳೂರಿನಲ್ಲೋ ಉಡುಪಿಯಲ್ಲೋ ಎರಡು ಮೂರು ಅಂಗಡಿಗೆ ಹೋಗಿ ಕೇಳಿ. ಸಣ್ಣ ವ್ಯತ್ಯಾಸವಾದರೆ ನಾನು ಊರಿನಲ್ಲೇ ಕೊಳ್ಳುತ್ತೇನೆ. ಕಾರ್ಡ್ ಕೆಟ್ಟರೆ ಡಬ್ಬಿ ಹಿಡಿದು ಹೋಗಿ ನಿಲ್ಲಲಿಕ್ಕೆ ಒಂದು ಬಾಗಿಲು ಇರುತ್ತದೆ. ರಿಪೇರಿಗೆ ಬೆಂಗಳೂರಿಗೇ ಕಳಿಸಬೇಕಾಗಿ ಬಂದರೆ, ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿದರೆ, ಪಾರ್ಸೆಲ್ ದಾರಿ ಕಾಯುವುದೂ ಲೆಕ್ಕಕ್ಕೆ ಬರಬೇಕು.

ಎಲ್ಲೇ ತೆಗೆದರೂ ಜಿಎಸ್‌ಟಿ ಬಿಲ್, ಅದರಲ್ಲಿ ಸೀರಿಯಲ್ ನಂಬರ್. ‘ಬಿಲ್ ಬೇಡ ಅಂದರೆ ಕಮ್ಮಿ ಮಾಡ್ತೇವೆ’ ಎಂಬ ಮಾತಿಗೆ ಒಪ್ಪಿದ ಒಬ್ಬ ಹುಡುಗ ಎಂಟು ತಿಂಗಳ ನಂತರ ನನ್ನ ಮುಂದೆ ಕಣ್ಣೀರು ಹಾಕಿದ್ದಾನೆ. ಅವನ ರಜೆಯ ದುಡಿಮೆ ಪೂರ್ತಿ ಹೋಯಿತು.

ದುಬೈಯಿಂದ ಅಣ್ಣ ಬರ್ತಾನೆ. ಅವನತ್ರ ತರಿಸಿದರೆ ಲಾಭವಾ?

ಅಲ್ಲಿ ವ್ಯಾಟ್ 5%, ಇಲ್ಲಿ ಜಿಎಸ್‌ಟಿ 18%. ಹಾಗಾಗಿ ಕೆಲವೊಮ್ಮೆ ಲಾಭ ಉಂಟು. ಆದರೆ ವಾರಂಟಿ ಬಹಳಷ್ಟು ಸಲ ಕೊಂಡ ದೇಶಕ್ಕೇ ಸೀಮಿತ. ಕೆಟ್ಟರೆ ಅಣ್ಣ ವಾಪಸ್ ಹೊತ್ತುಕೊಂಡು ಹೋಗಬೇಕು. ಬಿಲ್ ಜೊತೆಗಿರಲಿ, ಬಜ್ಪೆಯಲ್ಲಿ ಇಳಿದಾಗ ಮಿತಿಗಿಂತ ಬೆಲೆಯ ಸಾಮಾನಿಗೆ ಸುಂಕ ಕಟ್ಟಬೇಕಾಗುತ್ತದೆ. ಉಳಿತಾಯ ಕಾರ್ಡಿನ ಬೆಲೆಯ ಐದನೇ ಒಂದು ಪಾಲಾದರೂ ಇಲ್ಲದಿದ್ದರೆ ನಾನು ತರಿಸುವುದಿಲ್ಲ. ತರುವುದಾದರೆ ಕೈಚೀಲದಲ್ಲಿ ತರಲಿ, ಲಗೇಜಿಗೆ ಹಾಕುವುದು ಬೇಡ.

ಮನೆ ಮಲ್ಪೆ ಕಡಲ ಬದಿ. ಮಳೆಗಾಲದಲ್ಲಿ ಕಾರ್ಡ್ ಹಾಳಾಗ್ತದಾ?

ಬಳಸುತ್ತಿದ್ದರೆ ಬೇಗ ಹಾಳಾಗುವುದಿಲ್ಲ; ಬಳಸದೆ ಹಾಗೇ ಬಿಟ್ಟರೆ ಆಗುತ್ತದೆ. ಕಡಲ ಗಾಳಿಯ ಉಪ್ಪು ತೇವ ಹಿಡಿದುಕೊಂಡು ಲೋಹವನ್ನು ತಿನ್ನುತ್ತದೆ. ಮೊದಲು ತುಕ್ಕು ಕಾಣುವುದು ಹಿಂದಿನ ತಗಡಿನ ಪಟ್ಟಿಯಲ್ಲಿ ಮತ್ತು ಬಳಸದ ಪೋರ್ಟುಗಳಲ್ಲಿ. ಹೊಸ ಕಾರ್ಡಿನ ಜೊತೆ ಬರುವ ಪ್ಲಾಸ್ಟಿಕ್ ಮುಚ್ಚಳಗಳನ್ನು ಎಸೆಯಬೇಡಿ, ಖಾಲಿ ಪೋರ್ಟಿಗೆ ಹಾಕಿಯೇ ಇಡಿ. ಮಳೆ ಬಿಡದ ಆಟಿ ತಿಂಗಳಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ಕಂಪ್ಯೂಟರ್ ಹಚ್ಚಿ. ಈಗಿನ ಕಾರ್ಡುಗಳಲ್ಲಿ ಹೆಚ್ಚಿನವು ಕೆಲಸ ಇಲ್ಲದಾಗ ಫ್ಯಾನು ನಿಲ್ಲಿಸುತ್ತವೆ, ಅದು ಕೆಟ್ಟದ್ದಲ್ಲ, ಆದರೆ ಒಂದು ಆಟ ಆಡಿ ಬಿಸಿಯಾದರೆ ಒಳಗಿನ ತೇವ ಹೊರಗೆ ಹೋಗುತ್ತದೆ. ಪರೀಕ್ಷೆ, ರಜೆ ಎಂದು ತಿಂಗಳುಗಟ್ಟಲೆ ಬಿಡುವುದಾದರೆ ಕಾರ್ಡನ್ನು ಬಿಚ್ಚಿ ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ.

ಬೇಸಿಗೆಯಲ್ಲಿ ಕೆಂಪು ಮಣ್ಣಿನ ಧೂಳು. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಲ್ಲಿ ತಡೆದು ಹಿಡಿಯಿರಿ. ಗಾಳಿಗೆ ವಿಪರೀತ ತಿರುಗಿದರೆ ಅದರ ಬೇರಿಂಗ್ ಹಾಳಾಗುತ್ತದೆ.

ಸಿಡಿಲು, ಕರೆಂಟ್ ಹೋಗಿ ಬಂದು ಮಾಡುವುದು. ಯುಪಿಎಸ್ ಯಾವುದು ಬೇಕು?

ಸಿಡಿಲಿಗೆ ಯುಪಿಎಸ್ ಮದ್ದಲ್ಲ. ಏಪ್ರಿಲ್ ಕೊನೆಯ ಸಂಜೆಗಳಲ್ಲಿ ಮೋಡ ಕಟ್ಟಿದ ಕೂಡಲೇ ಪ್ಲಗ್ ಎಳೆಯಿರಿ, ಇಂಟರ್‌ನೆಟ್ ತಂತಿಯನ್ನೂ ಎಳೆಯಿರಿ. ನನ್ನ ಮೊದಲ ಕಾರ್ಡ್ ಮದರ್‌ಬೋರ್ಡಿನೊಂದಿಗೆ ಹೋದದ್ದು ಹಾಗೆಯೇ: ಪ್ಲಗ್ ತೆಗೆದಿದ್ದೆ, ಆ ತಂತಿ ಮರೆತಿದ್ದೆ.

600 ವಿಎ ಎಂದು ಬರೆದ ಸಣ್ಣ ಯುಪಿಎಸ್ ಸಾಮಾನ್ಯವಾಗಿ ಹೊರುವುದು 360 ವಾಟ್. ಆಟ ಆಡುತ್ತಿರುವಾಗ ಕರೆಂಟ್ ಹೋದರೆ ಅದು ಕೀ ಎಂದು ಕೂಗಿ ಆರಿಹೋಗುತ್ತದೆ. 160–180 ವಾಟಿನ ಕಾರ್ಡ್ ಇರುವ ಕಂಪ್ಯೂಟರಿಗೆ 1000 ವಿಎ ಹತ್ತಿರದ್ದು ನೋಡಿ. ಮನೆಯ ಇನ್ವರ್ಟರಿನಲ್ಲಿ ನಡೆಸುವವರು ಅದರ ಹಿಂದಿನ ಸ್ವಿಚ್ ‘ಯುಪಿಎಸ್’ ಕಡೆಗಿದೆಯೇ ಎಂದು ಪರೀಕ್ಷಿಸಿ, ಇಲ್ಲದಿದ್ದರೆ ಬದಲಾಗುವ ಆ ಕ್ಷಣದಲ್ಲಿ ಕಂಪ್ಯೂಟರ್ ಆರುತ್ತದೆ.

ಪವರ್ ಸಪ್ಲೈ ಮಾತ್ರ ದಯವಿಟ್ಟು ಅಗ್ಗದ್ದು ಬೇಡ. ಈ ದರ್ಜೆಯ ಕಾರ್ಡಿಗೆ ಹೆಸರಿರುವ ಕಂಪೆನಿಯ 550 ಅಥವಾ 650 ವಾಟ್ ಸಾಕು. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದದ್ದರ ಮೇಲೆ ‘500 ವಾಟ್’ ಎಂದು ಬರೆದಿದ್ದರೂ ನಾನು ಅದಕ್ಕೆ ಕಾರ್ಡ್ ಸಿಕ್ಕಿಸಿ ಕೊಡುವುದಿಲ್ಲ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಸೆಕೆಂಡ್ ಹ್ಯಾಂಡ್ ಕಾರ್ಡ್ ತೆಗೆಯುವಾಗ ಎಂತ ನೋಡಬೇಕು?

ಕ್ರಿಪ್ಟೊ ಗಣಿಗಾರಿಕೆಗೆ ದುಡಿದ ಕಾರ್ಡುಗಳ ಭಯ ಎಲ್ಲರಿಗೂ ಇದೆ. ಇಥೀರಿಯಮ್ ಎಂಬ ಕ್ರಿಪ್ಟೊ ಹಣ 2022ರ ಸೆಪ್ಟೆಂಬರ್ 15ರಂದು ಕಾರ್ಡುಗಳ ಅಗತ್ಯವೇ ಇಲ್ಲದ ವ್ಯವಸ್ಥೆಗೆ ಬದಲಾಯಿತು, ಅಲ್ಲಿಂದ ರಾಶಿ ರಾಶಿ ಹಳೇ ಕಾರ್ಡುಗಳು ಮಾರುಕಟ್ಟೆಗೆ ಬಿದ್ದವು. ಅಂಥದ್ದರಲ್ಲಿ ಚಿಪ್ಪಿಗಿಂತ ಮೊದಲು ಸವೆಯುವುದು ಫ್ಯಾನು ಮತ್ತು ಚಿಪ್ಪಿನ ಬಿಸಿ ಸಾಗಿಸುವ ಒಳಗಿನ ಪೇಸ್ಟು.

ಮಾರುವವರ ಮನೆಗೇ ಹೋಗಿ. ಭಾರದ ಆಟ ಒಂದನ್ನು ಅರ್ಧ ಗಂಟೆ ಓಡಿಸಿ. ಪರದೆಯಲ್ಲಿ ಬಣ್ಣದ ಚುಕ್ಕಿ, ಗೆರೆ ಬರುತ್ತದಾ, ಫ್ಯಾನು ಕಿರುಗುಟ್ಟುತ್ತದಾ ನೋಡಿ. ಜಿಪಿಯು-ಝಡ್ ಎಂಬ ಪುಟ್ಟ ಪ್ರೋಗ್ರಾಮಿನಲ್ಲಿ ಚಿಪ್ ಹೆಸರು ಪರೀಕ್ಷಿಸಿ. ಹಳೇ ಚಿಪ್ಪಿಗೆ 1050 ಟಿಐ ಎಂದು ಹೆಸರು ತುಂಬಿದ ನಕಲಿಗಳು ಉಂಟು, ಆ ಪ್ರೋಗ್ರಾಂ ಅವನ್ನು ಹಿಡಿದು ಕೊಡುತ್ತದೆ. ತಗಡಿನ ಪಟ್ಟಿ ಪೂರ್ತಿ ತುಕ್ಕು ಹಿಡಿದಿದ್ದರೆ ಕಡಲ ಗಾಳಿ ಒಳಗೂ ಹೋಗಿದೆ ಎಂದೇ ತಿಳಿಯಿರಿ.

ಜಿಟಿಎಕ್ಸ್ 10 ಸರಣಿ, ಅಂದರೆ 1050 ಟಿಐ, 1060, 1080 ಮುಂತಾದವಕ್ಕೆ ಆಟದ ಹೊಸ ಡ್ರೈವರುಗಳು (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) 2025ರ ಅಕ್ಟೋಬರಿಗೆ ನಿಂತವು. ಭದ್ರತೆಯ ಅಪ್‌ಡೇಟ್ ಮಾತ್ರ 2028ರ ಅಕ್ಟೋಬರ್ ತನಕ. ಒಂದು ಕಾಲದಲ್ಲಿ 1060 ನನ್ನ ಮೆಚ್ಚಿನ ಕಾರ್ಡ್. ಈಗ ಯಾರಿಗೂ ತೆಗೆಸುವುದಿಲ್ಲ.

ನನ್ನದು ಹಳೇ ಬಿ450 ಬೋರ್ಡು. ಹೊಸ ಕಾರ್ಡ್ ಹಾಕಿದರೆ ನಡೀತದಾ?

ನಡೆಯುತ್ತದೆ. ಆ ಬೋರ್ಡಿನ ಸ್ಲಾಟ್ ಮೂರನೇ ತಲೆಮಾರಿನದು. 8 ಲೇನಿನ ಕಾರ್ಡ್ ಹಾಕಿದರೆ ಮೇಲೆ ಹೇಳಿದ ಸೆಕೆಂಡಿಗೆ 8 ಜಿಬಿಯ ಕಾಲುದಾರಿ ಇದೇ. ಕಾರ್ಡಿನ ಮೆಮೊರಿ 16 ಜಿಬಿ ಇದ್ದರೆ ಆ ದಾರಿ ಹಿಡಿಯುವ ಪ್ರಸಂಗವೇ ಕಡಿಮೆ. 8 ಜಿಬಿ ಇದ್ದರೆ ಪೆಟ್ಟು ಬೀಳುತ್ತದೆ. 16 ಲೇನಿನ 9060 ಎಕ್ಸ್‌ಟಿ ಇಂಥ ಬೋರ್ಡಿಗೆ ಹೇಳಿ ಮಾಡಿಸಿದ ಹಾಗಿದೆ. ಬಯಾಸ್ ಅಪ್‌ಡೇಟ್ (ಬೋರ್ಡಿನ ಮೂಲ ಸಾಫ್ಟ್‌ವೇರಿನದು) ಮಾಡಿ ರೈಜನ್ 5 5600 ಪ್ರೊಸೆಸರ್ ಹಾಕಿಕೊಂಡರೆ ಇಡೀ ಕಂಪ್ಯೂಟರ್ ಬದಲಿಸುವ ಖರ್ಚು ಉಳಿಯುತ್ತದೆ.

ಏಸಿ ಇಲ್ಲದ ಕೋಣೆ. ಮೇ ತಿಂಗಳಲ್ಲಿ ಕಾರ್ಡ್ ಕೆಂಡ ಆಗ್ತದೆ. ಎಂತ ಮಾಡುದು?

ಪವರ್ ಲಿಮಿಟ್, ಅಂದರೆ ಕಾರ್ಡ್ ಎಳೆಯುವ ವಿದ್ಯುತ್ತಿನ ಮಿತಿ, ಇಳಿಸಿ. ಎನ್ವಿಡಿಯಾಕ್ಕೆ ಎಂಎಸ್‌ಐ ಆಫ್ಟರ್‌ಬರ್ನರ್‌ನಲ್ಲಿ, ಎಎಮ್‌ಡಿಗೆ ಅವರದೇ ಅಡ್ರಿನಲಿನ್ ಸಾಫ್ಟ್‌ವೇರಿನಲ್ಲಿ ಒಂದು ಸ್ಲೈಡರ್ ಎಳೆದರೆ ಆಯಿತು. ಹತ್ತು ಶೇಕಡಾ ಇಳಿಸಿದರೆ ವೇಗ ಅಷ್ಟೇನೂ ಕಡಿಮೆಯಾಗದು, ಬಿಸಿ ಮತ್ತು ಸದ್ದು ಎರಡೂ ಇಳಿಯುತ್ತವೆ. ಕಾರ್ಡಿನ ಒಳಗಿನ ಬಿಸಿ 80 ಡಿಗ್ರಿ ಸುತ್ತಮುತ್ತ ಇದ್ದರೆ ಹೆದರಬೇಡಿ, ಅವು ಅಷ್ಟನ್ನು ತಾಳುವ ಹಾಗೆಯೇ ಮಾಡಿದವು.

ಹೊಸದು ಬರ್ತದಂತೆ. ಕಾಯುವುದಾ?

ಈಗಿರುವ ಕಾರ್ಡಿನಲ್ಲಿ ನಿಮಗೆ ಬೇಕಾದ ಆಟ ಓಡುತ್ತಿದ್ದರೆ ಕಾಯಿರಿ, ನಷ್ಟ ಇಲ್ಲ. ಓಡುತ್ತಿಲ್ಲದಿದ್ದರೆ, ದುಡ್ಡು ಕೈಯಲ್ಲಿದ್ದರೆ, ತೆಗೆಯಿರಿ. 2025ರ ಕೊನೆಯಿಂದ ಎಐ ಡೇಟಾ ಸೆಂಟರುಗಳ ಬೇಡಿಕೆಗೆ ಮೆಮೊರಿ ಚಿಪ್ಪಿನ ಬೆಲೆ ಏರಿತು, ‘ಕಾದರೆ ಅಗ್ಗ ಆಗುತ್ತದೆ’ ಎಂಬ ಹಳೇ ಲೆಕ್ಕ ಆಗ ತಪ್ಪಿತು. ತೆಗೆದ ಮೇಲೆ ಮೊದಲ ವಾರವೇ ಚೆನ್ನಾಗಿ ಆಡಿ ದಂಡಿಸಿ. ದೋಷ ಇದ್ದರೆ ಅಂಗಡಿಯವರು ನೇರ ಬದಲಿಸಿ ಕೊಡುವ ದಿನಗಳಲ್ಲೇ ಅದು ಹೊರಗೆ ಬರಲಿ.